ಒಂಬತ್ತನೇ ನಂಬರಿನ ಹುಡುಗನಿಗೊಂದು ಹೊಗಳಿಕೆ

ಮಾರ್ತಾಂಡನ ಮನೆಯ ಮೂವರು ಮಕ್ಕಳೂ, ಶಾಲೆಯ ಕಾಗದದ ಪ್ರಕಾರ, ಹುಟ್ಟಿದ್ದು ಜೂನ್ ಒಂದನೇ ತಾರೀಖಿಗೆ. ಹಿರಿಯವನಾದ ಮಾರ್ತಾಂಡ ಅರವತ್ತೊಂಬತ್ತರ ಜೂನ್ ಒಂದು, ತಂಗಿ ರೇಣು ಎಪ್ಪತ್ತಮೂರರ ಜೂನ್ ಒಂದು, ಕೊನೆಯವನು ಬಸವಲಿಂಗ ಎಪ್ಪತ್ತೇಳರ ಜೂನ್ ಒಂದು. ಅಥಣಿ ಕಡೆಯ ಅವರ ಊರಿನಲ್ಲಿ ಇದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಜೂನ್ ಒಂದಕ್ಕೆ ಶಾಲೆ ಶುರು, ಅಂದಿಗೆ ಮಗುವಿಗೆ ಆರು ತುಂಬಿರಬೇಕು. ಮಾಸ್ತರರು ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ. ಆರು ವರ್ಷ ಹಿಂದಕ್ಕೆ ಎಣಿಸಿ ಜೂನ್ ಒಂದು ಎಂದು ಬರೆದರೆ ಮುಗಿಯಿತು. ಹೀಗೆ ಆ ಊರಿನ ಅರ್ಧ ಜನ ಒಂದೇ ದಿನ ಹುಟ್ಟಿದವರು.

ಬಸವಲಿಂಗ ನಿಜವಾಗಿ ಹುಟ್ಟಿದ್ದು ಎಪ್ಪತ್ತೇಳರ ದೀಪಾವಳಿ ಮುಗಿದ ಮೇಲೆ, ನವೆಂಬರಿನಲ್ಲಿ, ಅಥಣಿಯ ಸರಕಾರಿ ದವಾಖಾನೆಯಲ್ಲಿ. ಶಾಲೆಗೆ ಕರೆದೊಯ್ದಾಗ ಅವನಿಗಿನ್ನೂ ಐದೂವರೆ. ಆದರೆ ಹುಡುಗನ ಕೈಗಳು ಮೊದಲಿನಿಂದಲೂ ಉದ್ದ. ಮಾಸ್ತರರು ಹೇಳಿದ್ದೇ ತಡ, ಸಲೀಸಾಗಿ ಕಿವಿ ಹಿಡಿದು ಹಲ್ಲು ಕಿಸಿದ.

"ಇನ್ನೂ ಸಣ್ಣಾಂವ ಅದಾನ್ರಿ ಮಾಸ್ತರ," ಎಂದಳು ತಾಯಿ ಶಿವಗಂಗವ್ವ.

"ಕೈ ದೊಡ್ಡದದ ಬಿಡ್ರಿ ಅವ್ವಾರ, ವರ್ಷ ಯಾಕ ಹಾಳ ಮಾಡ್ತೀರಿ," ಎಂದು ಮಾಸ್ತರರು ಬರೆದೇಬಿಟ್ಟರು. ಒಂದು ವರ್ಷ ಉಳಿಯಿತೆಂದು ಮನೆಯಲ್ಲಿ ಎಲ್ಲರಿಗೂ ಖುಷಿ.

ಎಂಬತ್ತೊಂಬತ್ತರಲ್ಲಿ ಮಾರ್ತಾಂಡನಿಗೆ ಪುಣೆ ಹತ್ತಿರದ ದೇಹೂ ರೋಡಿನ ಸೈನ್ಯದ ಡಿಪೋವೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅದೇ ವರ್ಷ ತಂದೆ ತೀರಿಕೊಂಡರು. ತಮ್ಮನನ್ನು ಓದಿಸಲು ತನ್ನ ಹತ್ತಿರ ಕರೆಸಿಕೊಂಡ. ಹುಡುಗ ಓದಲಿಲ್ಲ. ಸಂಜೆ ಡಿಪೋದ ಸಿಪಾಯಿಗಳು ಫುಟ್‌ಬಾಲ್ ಆಡುವಲ್ಲಿ ಹೋಗಿ ಗೋಲಿನ ಹಿಂದೆ ನಿಲ್ಲುತ್ತಿದ್ದ, ಹೊರಗೆ ಹೋದ ಚೆಂಡು ಹಿಡಿದು ಕೊಡುತ್ತಿದ್ದ. ಒಂದು ದಿನ ಅವರ ಗೋಲ್‌ಕೀಪರ್ ರಜೆಯ ಮೇಲೆ ಹೋದ. ಬಸವಲಿಂಗ ಗೋಲಿನ ಮುಂದೆ ನಿಂತ. ಆಮೇಲೆ ಅವನನ್ನು ಅಲ್ಲಿಂದ ಯಾರೂ ಕದಲಿಸಲಿಲ್ಲ. ಮೀಸೆ ಬಂದ ಸಿಪಾಯಿಗಳು ಹೊಡೆದ ಚೆಂಡನ್ನು ಹದಿಮೂರರ ಹುಡುಗ ಹಾರಿ ಹಿಡಿಯುವುದನ್ನು ನೋಡಿ, ಆಟದ ಗಂಧವಿಲ್ಲದ ಮಾರ್ತಾಂಡನೂ ಚಪ್ಪಾಳೆ ತಟ್ಟುತ್ತಿದ್ದ. ತನ್ನ ಜೀವನದಲ್ಲಿ ಹೆಮ್ಮೆಪಡುವಂಥದ್ದು ಇದೊಂದೇ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ತೊಂಬತ್ತಮೂರರಲ್ಲಿ ಹದಿನಾರರೊಳಗಿನವರ ದೇಶದ ತಂಡಕ್ಕೆ ಪುಣೆಯಲ್ಲಿ ಶಿಬಿರ ನಡೆಯಿತು. ಬಸವಲಿಂಗ ಆಯ್ಕೆಯಾದ. ಶಿಬಿರ ಮುಗಿಯುವ ಹೊತ್ತಿಗೆ ಮೊದಲ ಗೋಲ್‌ಕೀಪರ್ ಅವನೇ ಎಂದು ಕೋಚ್ ಬಾಯಿಬಿಟ್ಟು ಹೇಳಿದ್ದರು. ಕೊನೆಗೆ ವಯಸ್ಸಿನ ಕಾಗದ ನೋಡುವ ಸರದಿ ಬಂತು. ಎಪ್ಪತ್ತೇಳರ ಆಗಸ್ಟ್ ಒಂದರ ನಂತರ ಹುಟ್ಟಿದವರಿಗೆ ಮಾತ್ರ ಅವಕಾಶ. ಶಾಲೆಯ ಕಾಗದದಲ್ಲಿ ಜೂನ್ ಒಂದು. ಎರಡು ತಿಂಗಳು ಹೆಚ್ಚು.

ಮಾರ್ತಾಂಡ ಆ ರಾತ್ರಿಯೇ ಪುಣೆಯ ಕಾತ್ರಜದಿಂದ ಊರಿನ ಬಸ್ಸು ಹಿಡಿದ. ಅಥಣಿಯಲ್ಲಿ ದವಾಖಾನೆಯ ಹಳೆಯ ರಿಜಿಸ್ಟರು ತೆಗೆಸಿ, ನಕಲು ಮಾಡಿಸಿ, ತಹಶೀಲ್ದಾರ ಕಚೇರಿಯ ಮುದ್ರೆ ಹಾಕಿಸಿಕೊಂಡು, ಮರುದಿನ ಸಂಜೆ ಐದರೊಳಗೆ ಓಡುತ್ತ ಬಂದು ಆ ಕಾಗದವನ್ನು ಮೇಜಿನ ಮೇಲಿಟ್ಟ. ಮೇಜಿನ ಆಚೆ ಕೂತಿದ್ದವನು ಕುಶಲ ಶೆಟ್ಟಿ. ಕರಾವಳಿಯವನು, ಪುಣೆ ಪಕ್ಕದ ಚಿಂಚವಡದಲ್ಲಿ ಹೋಟೆಲು ಇಟ್ಟು ಹೆಸರು ಮಾಡಿದವನು. ಫುಟ್‌ಬಾಲ್ ಸಮಿತಿಯಲ್ಲಿ ಕಾಗದಪತ್ರ ನೋಡುವ ಅಧಿಕಾರ ಅವನದು. ಅವನು ಕಾಗದವನ್ನು ಪೂರ್ತಿ ಓದಲೂ ಇಲ್ಲ.

"ಎಂಥದು ಮಾರಾಯ್ರೆ, ನಿಮ್ಮ ಕಡೆಯವರೆಲ್ಲ ಒಂದೇ ದಿನ ಹುಟ್ಟುದಾ?" ಎಂದ. ಆಮೇಲೆ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಒಂದು ರಾತ್ರಿಗೆ ಹುಡುಗ ಐದು ತಿಂಗಳು ಸಣ್ಣವನಾದನಲ್ಲ! ಇನ್ನೊಂದು ಸಲ ಊರಿಗೆ ಹೋಗಿ ಬಂದರೆ ತೊಟ್ಟಿಲಿಗೇ ಹಾಕಬೇಕಾದೀತು!"

ಇದನ್ನು ಕನ್ನಡದಲ್ಲಿ ಹೇಳಿ ಅವನಿಗೆ ತೃಪ್ತಿಯಾಗಲಿಲ್ಲ. ಕೋಣೆಯಲ್ಲಿದ್ದ ಉಳಿದವರಿಗೂ ತಿಳಿಯಲೆಂದು ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದ. ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ಹದಿನೈದರ ಬಸವಲಿಂಗ ಎರಡೂ ಭಾಷೆಯಲ್ಲಿ ಕೇಳಿಸಿಕೊಂಡ. ಮನೆಗೆ ಬಂದವನು ಮೂರು ದಿನ ಮೂಲೆ ಹಿಡಿದ, ಶಿಬಿರದಿಂದ ಯಾರೂ ಅವನನ್ನು ಮಾತಾಡಿಸಲು ಬರಲಿಲ್ಲ. ಮತ್ತೆ ಮೈದಾನಕ್ಕೆ ಕಾಲಿಡಲಿಲ್ಲ.

ಹದಿಮೂರು ವರ್ಷ ಕಳೆದು ಈಗ ಅವನು ಕಾತ್ರಜದಲ್ಲಿ ಖಾಸಗಿ ಬಸ್ಸಿನವರ ಹತ್ತಿರ ಕೆಲಸಕ್ಕಿದ್ದ. ಸೀಟು ಬರೆಯುವುದು, ಸಾಮಾನು ಹತ್ತಿಸುವುದು, ಇಳಿಸುವುದು. ಬಸ್ಸಿನ ಮೇಲಿಂದ ಕ್ಲೀನರ್ ಎಸೆದ ಗಂಟುಗಳನ್ನು ಕೆಳಗೆ ನಿಂತು ಹಿಡಿಯುತ್ತಿದ್ದ. ಒಂದೂ ನೆಲಕ್ಕೆ ಬೀಳುತ್ತಿರಲಿಲ್ಲ. ಅಣ್ಣ ಅದನ್ನೊಮ್ಮೆ ನೋಡಿ, ಚಹಾ ಕೂಡ ಕುಡಿಯದೆ ಮುಂದಿನ ಬಸ್ಸು ಹತ್ತಿ ವಾಪಸು ಬಂದಿದ್ದ.

ಮಾರ್ತಾಂಡನನ್ನು ಡಿಪೋದಲ್ಲಿ ಎಲ್ಲರೂ ಸಾಧು ಮನುಷ್ಯ ಎನ್ನುತ್ತಿದ್ದರು. ಸಾಧು ಮನುಷ್ಯ ಹದಿಮೂರು ವರ್ಷ ಎಂಥ ಹಗೆ ಸಾಕಿಕೊಂಡಿದ್ದನೆಂದು ಅವರಿಗೇನು ಗೊತ್ತು! ಸ್ನಾನ ಮಾಡುವಾಗ ಕುಶಲ ಶೆಟ್ಟಿಯ ನಗು ನೆನಪಾದರೆ ತಂಬಿಗೆಯನ್ನು ಕುಕ್ಕುತ್ತಿದ್ದ. ಅವನ ಹೋಟೆಲಿನ ಎದುರು ಹಾದುಹೋಗಬೇಕಾಗಿ ಬಂದರೆ ಒಂದು ಸ್ಟಾಪು ಮೊದಲೇ ಇಳಿದು ಸುತ್ತುಬಳಸಿ ನಡೆಯುತ್ತಿದ್ದ. ಕೈ ಎತ್ತುವ ಜಾತಿಯ ಮನುಷ್ಯನಲ್ಲ ಅವನು, ಬೈಗುಳವೂ ಬಾಯಿಗೆ ಬರುತ್ತಿರಲಿಲ್ಲ. ಆದ್ದರಿಂದ ಬರೆಯಲು ಕಲಿತ. ತೊಂಬತ್ತೈದರಲ್ಲಿ ಒಂದು ಮರಾಠಿ ಸಂಜೆಪತ್ರಿಕೆಗೆ ಫುಟ್‌ಬಾಲ್ ವರದಿ ಬರೆದುಕೊಡತೊಡಗಿದ. ಶೆಟ್ಟಿ ಎಲ್ಲಿರುತ್ತಾನೋ ಅಲ್ಲಿ ತಾನೂ ಇರಬೇಕು, ಅವನು ಜಾರುವ ದಿನ ಹತ್ತಿರದಿಂದ ನೋಡಬೇಕು, ಇದಿಷ್ಟೇ ಉದ್ದೇಶ. ಆದರೆ ಬರೆಯುತ್ತ ಬರೆಯುತ್ತ ಆಟ ಅರ್ಥವಾಯಿತು. ಪಂದ್ಯಕ್ಕೆ ಮೊದಲು ಯಾರು ಹೇಗೆ ಆಡಬಹುದು ಎಂದು ಅವನು ಬರೆಯುವ ಮುನ್ನೋಟವನ್ನು ಜನ ಹುಡುಕಿ ಓದುತ್ತಿದ್ದರು. ಶೆಟ್ಟಿಯೂ ಎಷ್ಟೋ ಸಲ ಕೈಕುಲುಕಿದ್ದ, ಬೆನ್ನು ತಟ್ಟಿದ್ದ. ಒಂದು ಸಲವೂ ಗುರುತು ಹಿಡಿಯಲಿಲ್ಲ. ಅದು ಮಾರ್ತಾಂಡನನ್ನು ಇನ್ನಷ್ಟು ಉರಿಸುತ್ತಿತ್ತು.

ಎರಡು ಸಾವಿರದ ಆರರ ಸೆಪ್ಟೆಂಬರಿನಲ್ಲಿ ಪುಣೆಯ ಬಾಲೇವಾಡಿಯ ಕ್ರೀಡಾಂಗಣದಲ್ಲಿ ಭಾರತ ಮತ್ತು ನೇಪಾಳದ ಹದಿನೇಳರೊಳಗಿನವರ ಪಂದ್ಯ ಗೊತ್ತಾಯಿತು. ತೊಂಬತ್ತರ ಜನವರಿ ಒಂದರ ನಂತರ ಹುಟ್ಟಿದವರು ಆಡಬಹುದು. ಭಾರತದ ತಂಡದಲ್ಲಿ ಒಂಬತ್ತನೇ ನಂಬರಿನ ಅಂಗಿ ಸುಖೇಶನದು. ಕುಶಲ ಶೆಟ್ಟಿಯ ಒಬ್ಬನೇ ಮಗ.

ತಂಡದ ಪಟ್ಟಿಯಲ್ಲಿ ಸುಖೇಶನ ಜನ್ಮದಿನ ತೊಂಬತ್ತರ ಫೆಬ್ರವರಿ ಎಂದಿತ್ತು. ಮಾರ್ತಾಂಡ ಅದನ್ನು ಎರಡು ಸಲ ಓದಿದ. ಚಿಂಚವಡದ ಹೋಟೆಲಿನ ಹೆಸರು "ಸುಖೇಶ್". ತಾನು ಎಂಬತ್ತೊಂಬತ್ತರಲ್ಲಿ ಪುಣೆಗೆ ಬಂದ ಮೊದಲ ವಾರದಲ್ಲೇ ಆ ಹೆಸರಿನ ಬೋರ್ಡಿನ ಕೆಳಗೆ ಇಡ್ಲಿ ತಿಂದಿದ್ದ. ಹುಟ್ಟದ ಮಗನ ಹೆಸರಿನಲ್ಲಿ ಯಾವ ಶೆಟ್ಟಿ ಹೋಟೆಲು ತೆರೆಯುತ್ತಾನೆ? ಮಾರ್ತಾಂಡ ಪಟ್ಟಿಯ ಆ ಸಾಲಿನ ಕೆಳಗೆ ಗೆರೆ ಎಳೆದ.

ದೂರು ಬರೆದುಹಾಕಬಹುದಿತ್ತು. ಅಂಥ ಕಾಗದಗಳು ಸಮಿತಿಯಲ್ಲಿ ಯಾರ ಕೈ ಸೇರುತ್ತವೆಂದು ಅವನಿಗೆ ಗೊತ್ತಿತ್ತು. ಶೆಟ್ಟಿಯ ಕೈಯನ್ನೇ! ಆದ್ದರಿಂದ ಬೇರೆ ದಾರಿ ಹಿಡಿದ. ಶೆಟ್ಟಿಗೆ ಫೋನು ಮಾಡಿ, ಪಂದ್ಯದ ಮುನ್ನೋಟದಲ್ಲಿ ನಿಮ್ಮ ಮಗನ ಬಗ್ಗೆಯೇ ದೊಡ್ಡದಾಗಿ ಬರೆಯಬೇಕೆಂದಿದ್ದೇನೆ, ಬರಲೇ ಎಂದು ಕೇಳಿದ.

"ಬನ್ನಿ ಬನ್ನಿ ಮಾರ್ತಾಂಡರೇ, ಊಟಕ್ಕೇ ಬನ್ನಿ!"

ಹದಿಮೂರು ವರ್ಷ ಸುತ್ತುಬಳಸಿದ ಹೋಟೆಲಿನೊಳಗೆ ಮಾರ್ತಾಂಡ ಆ ಬುಧವಾರ ಮಧ್ಯಾಹ್ನ ನಗುತ್ತ ಕಾಲಿಟ್ಟ. ಗಲ್ಲಾದ ಹಿಂದಿನ ಗೋಡೆಯ ಮೇಲೆ ಉದ್ಘಾಟನೆಯ ಫೋಟೋ ಇತ್ತು. ತೆಳ್ಳಗಿನ ಕುಶಲ ಶೆಟ್ಟಿ, ಎಡಗೈಯಲ್ಲಿ ಬಟ್ಟೆ ಸುತ್ತಿದ ಕೂಸು, ಬಲಗೈಯಲ್ಲಿ ಕತ್ತರಿ.

"ಕೂಸು ಯಾರ್ರಿ ಇದು?" ಎಂದ ಮಾರ್ತಾಂಡ, ಮೊಸರನ್ನ ಕಲಸುತ್ತ.

"ಇವನೇ ಮಾರಾಯ್ರೆ! ಬೆಳಿಗ್ಗೆ ನಾಮಕರಣ, ಸಂಜೆ ಹೋಟೆಲು. ಎರಡಕ್ಕೂ ಒಂದೇ ಹೆಸರು, ಒಂದೇ ಖರ್ಚು! ಎಂಬತ್ತೆಂಟರ ಡಿಸೆಂಬರು. ಹುಡುಗನೂ ಹೋಟೆಲೂ ಒಟ್ಟಿಗೇ ಬೆಳೆದದ್ದು."

"ಇದನ್ನ ಬರೀಲೇನ್ರಿ?"

"ಬರೀರಿ ಮತ್ತೆ! ಫೋಟೋನೂ ಹಾಕಿ!"

ಎಂಟು ವರ್ಷದಿಂದ ಎಲ್ಲ ಕಾಗದಗಳಲ್ಲೂ ತೊಂಬತ್ತು ಎಂದು ಬರೆಸುತ್ತ ಬಂದವನಿಗೆ ಆ ಕ್ಷಣ ಅದು ತಲೆಗೆ ಹೊಳೆಯಲೇ ಇಲ್ಲ. ಕಾಗದದ ಮಗ ಬೇರೆ, ಹೋಟೆಲಿನ ಮಗ ಬೇರೆ ಎಂಬಂತೆ ಬದುಕಿದವನು ಅವನು. ಇನ್ನೊಬ್ಬರ ಹುಡುಗನ ತಿಂಗಳುಗಳನ್ನು ಬೆರಳು ಮಡಚಿ ಎಣಿಸಿದ ಮಹಾನುಭಾವನಿಗೆ ತನ್ನ ಮಗನ ವರ್ಷ ಎಣಿಸಲು ಬರಲಿಲ್ಲ. ಫೋಟೋವನ್ನು ತಾನೇ ಸ್ಟೂಲು ಹತ್ತಿ ಇಳಿಸಿಕೊಟ್ಟ. ಮಾರ್ತಾಂಡ ಎರಡನೇ ಸಲ ಮೊಸರನ್ನ ಹಾಕಿಸಿಕೊಂಡ. ಅಷ್ಟು ರುಚಿಯಾದ ಊಟ ಅವನು ಎಂದೂ ಮಾಡಿರಲಿಲ್ಲ.

ಅಲ್ಲಿಂದ ನೇರ ಬಾಲೇವಾಡಿಗೆ ಹೋಗಿ ಹುಡುಗ ಅಭ್ಯಾಸ ಮಾಡುವುದನ್ನು ನೋಡಿದ. ಹುಡುಗ ಸಾಮಾನ್ಯನಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ಸುಖೇಶನ ಹತ್ತಿರ ಒಂದು ವಿದ್ಯೆ ಇತ್ತು. ಬಲಗಾಲು ಎತ್ತಿ ಈಗ ಹೊಡೆದೇಬಿಟ್ಟ ಅನ್ನಿಸುತ್ತಾನೆ, ಗೋಲ್‌ಕೀಪರ್ ಆ ಕಡೆ ವಾಲುತ್ತಾನೆ, ಅಷ್ಟರಲ್ಲಿ ಚೆಂಡನ್ನು ಒಳಕ್ಕೆಳೆದು ಎಡಗಾಲಿನಿಂದ ನೆಲಕ್ಕಂಟಿದ ಹಾಗೆ ಹತ್ತಿರದ ಕಂಬದ ಬದಿಗೆ ತಳ್ಳುತ್ತಾನೆ. ಮೂರು ಸಲ ಮಾಡಿದ, ಮೂರು ಸಲವೂ ಗೋಲು. ಮಾರ್ತಾಂಡ ಎಷ್ಟೇ ಹಲ್ಲು ಕಚ್ಚಿಕೊಂಡರೂ ಪೆನ್ನು ಸುಳ್ಳು ಬರೆಯಲು ಒಪ್ಪಲಿಲ್ಲ. ಆ ಹೊಡೆತವನ್ನು ಹೇಗಿತ್ತೋ ಹಾಗೆ, ಕಣ್ಣಿಗೆ ಕಟ್ಟುವಂತೆ ಬರೆದ. ನೇಪಾಳದ ರಕ್ಷಣೆ ಗಟ್ಟಿ, ಅವರ ಮಧ್ಯದ ಆಟಗಾರರು ಓಡುವುದರಲ್ಲಿ ನಮ್ಮವರಿಗಿಂತ ಒಂದು ಕೈ ಮೇಲೆ, ಆದರೆ ಒಂಬತ್ತನೇ ನಂಬರಿನ ಎಡಗಾಲು ಒಂದು ಸಲ ಬಿಚ್ಚಿಕೊಂಡರೆ ಪಂದ್ಯ ಅಲ್ಲಿಗೇ ಮುಗಿಯಿತು ಎಂದು ಬರೆದ. ಕೊನೆಯಲ್ಲಿ ಬಹಳ ಪ್ರೀತಿಯಿಂದ, ಈ ಹುಡುಗನ ನಾಮಕರಣ ಮತ್ತು ತಂದೆಯ ಹೋಟೆಲಿನ ಉದ್ಘಾಟನೆ ಒಂದೇ ದಿನ, ಡಿಸೆಂಬರ್ ೧೯೮೮ರಲ್ಲಿ ನಡೆದದ್ದೆಂದು ಸೇರಿಸಿದ. ಫೋಟೋ ಕೆಳಗೂ ಅದೇ ವರ್ಷ ಹಾಕಿಸಿದ. ಇಡೀ ಬರಹದಲ್ಲಿ ಒಂದು ಕೆಟ್ಟ ಮಾತಿರಲಿಲ್ಲ.

ಗುರುವಾರ ಸಂಜೆ ಪತ್ರಿಕೆ ಬಂತು. ಶೆಟ್ಟಿ ಇನ್ನೂರು ಪ್ರತಿ ಕೊಂಡ. ಎರಡೂ ತಂಡಗಳಿಗೆ ಬೆಳಗಿನ ತಿಂಡಿ ಅವನ ಹೋಟೆಲಿನಿಂದಲೇ ಹೋಗುತ್ತಿತ್ತು. ಶುಕ್ರವಾರ ಇಡ್ಲಿ ವಡೆಯ ಪೊಟ್ಟಣದ ಜೊತೆಗೆ ಒಂದೊಂದು ಪ್ರತಿಯನ್ನೂ ಇಟ್ಟು ಕಳಿಸಿದ. ನೇಪಾಳದವರಿಗೂ ಕಳಿಸಿದ! ಪರದೇಶದವರಿಗೆ ಮರಾಠಿ ಎಲ್ಲಿ ಬರುತ್ತದೆ, ಫೋಟೋ ನೋಡಲಿ ಎಂದುಕೊಂಡನೇನೋ. ಮರಾಠಿಗೂ ನೇಪಾಳಿಗೂ ಲಿಪಿ ಒಂದೇ. ಆ ತಂಡದ ಮ್ಯಾನೇಜರು ವಡೆ ಮುರಿಯುತ್ತ ಅಕ್ಷರ ಕೂಡಿಸಿ ಓದಿದ. ಕೂಸಿನ ಫೋಟೋ, ಹೆಸರು, ಇಸವಿ. ಓದಿದವನು ತಿಂಡಿ ಅರ್ಧಕ್ಕೇ ಬಿಟ್ಟು ಎದ್ದ.

ಶನಿವಾರ ಬೆಳಿಗ್ಗೆ ಪಂದ್ಯದ ಅಧಿಕಾರಿಗಳು ಶೆಟ್ಟಿಯನ್ನು ಕರೆಸಿದರು. ಮೇಜಿನ ಮೇಲೆ ಪತ್ರಿಕೆ ಇಟ್ಟು, ಈ ಕೂಸು ಯಾರು ಎಂದಷ್ಟೇ ಕೇಳಿದರು. ಅವನಿಗೆ ಒಬ್ಬನೇ ಮಗ. ಏನು ಹೇಳುತ್ತಾನೆ? ಮಧ್ಯಾಹ್ನದೊಳಗೆ ಒಂಬತ್ತನೇ ನಂಬರಿನ ಅಂಗಿ ಬೇರೆ ಹುಡುಗನಿಗೆ ಹೋಯಿತು.

ನಾಲ್ಕು ಗಂಟೆಗೆ ಶೆಟ್ಟಿ ಪತ್ರಿಕೆಯ ಕಚೇರಿಗೆ ಬಂದ. ಅರ್ಧ ದಿನದಲ್ಲೇ ಮುಖ ಇಳಿದುಹೋಗಿತ್ತು. ಬಂದವನು ಮಾರ್ತಾಂಡನ ಕೈ ಹಿಡಿದುಕೊಂಡ.

"ಮಾರ್ತಾಂಡರೇ, ನೀವೇ ಉಳಿಸಬೇಕು. ಇಸವಿ ತಪ್ಪಾಗಿ ಅಚ್ಚಾಯಿತು ಅಂತ ಎರಡು ಸಾಲು ಬರೆದುಕೊಡಿ. ಹುಡುಗ ಕೋಣೆ ಬಾಗಿಲು ಹಾಕಿಕೊಂಡಿದ್ದಾನೆ. ಅನ್ನ ಮುಟ್ಟಲಿಲ್ಲ."

ಈ ಗಳಿಗೆಗಾಗಿಯೇ ಮಾರ್ತಾಂಡ ಹದಿಮೂರು ವರ್ಷ ಬದುಕಿದ್ದ. ಕೈ ಬಿಡಿಸಿಕೊಂಡು ನಿಧಾನವಾಗಿ ಹೇಳಿದ: "ತೊಂಬತ್ತಮೂರರ ಶಿಬಿರ ನೆನಪದ ಏನ್ರಿ? ಬಸವಲಿಂಗ ಅಂತ ಒಬ್ಬ ಗೋಲ್‌ಕೀಪರ್. ಜೂನ್ ಒಂದು. ನಾ ಅಥಣಿಯಿಂದ ಕಾಗದ ತಂದಿದ್ದೆ. ಒಂದು ರಾತ್ರಿಗೆ ಐದು ತಿಂಗಳು ಸಣ್ಣಾಂವ ಆದ ಅಂತ ನಕ್ಕಿದ್ರಿ. ಅಂವ ನನ್ನ ತಮ್ಮ."

ಶೆಟ್ಟಿ ಅವನ ಮುಖ ನೋಡಿದ. ನೆನಪು ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಹಣೆ ಸುಕ್ಕಾಯಿತು.

"ಆ ವರ್ಷ ಜೂನ್ ಒಂದರವರೇ ಏಳೆಂಟು ಜನ ಇದ್ದರಲ್ಲ," ಎಂದ. "ಎಲ್ಲರನ್ನೂ ಕಳಿಸಿದೆವು. ನಿಮ್ಮವನು ಯಾರೋ, ನನಗೆ ಗೊತ್ತಾಗುದಿಲ್ಲ ಮಾರಾಯ್ರೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾರ್ತಾಂಡನಿಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. "ಅಚ್ಚಾಗಿದ್ದು ಸರಿಯಾಗೇ ಅದ, ನೀವಿನ್ನ ಹೊರಡ್ರಿ," ಎಂದು ಬಾಗಿಲು ತೋರಿಸಿದ. ಶೆಟ್ಟಿ ಹೋದ. ನೆನಪಿಲ್ಲದಿದ್ದರೆ ಬೇಡ, ಅನುಭವಿಸಿದನಲ್ಲ, ಅಷ್ಟು ಸಾಕು ಎಂದು ಮಾರ್ತಾಂಡ ತನಗೆ ತಾನೇ ಹೇಳಿಕೊಂಡ. ತಮ್ಮನಿಗೆ ಎಲ್ಲವನ್ನೂ ಹೇಳಬೇಕು. ಅವನು ಕೇಳಿ ನಗಬೇಕು. ಆಗ ಲೆಕ್ಕ ಚುಕ್ತಾ.

ಭಾನುವಾರ ಬೆಳಿಗ್ಗೆ ಕಾತ್ರಜಕ್ಕೆ ಹೊರಡಬೇಕು ಎನ್ನುವಷ್ಟರಲ್ಲಿ ಬಸವಲಿಂಗನದೇ ಫೋನು ಬಂತು. "ಅಣ್ಣಾ, ನಾ ಇವತ್ತ ರಜಾ ಹಾಕೀನಿ. ಬಾಲೇವಾಡಿಗೆ ಬರಾಕತ್ತೀನಿ. ಗೇಟಿನ ಹತ್ರ ನಿಂದ್ರು."

ಮಾರ್ತಾಂಡನ ಎದೆ ಹಿಗ್ಗಿತು. ಸುದ್ದಿ ಹೇಗೋ ತಲುಪಿರಬೇಕು! ಮೈದಾನದಲ್ಲೇ ಸಂಭ್ರಮಿಸೋಣ ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ.

ಬಸವಲಿಂಗ ಗೇಟಿನ ಹತ್ತಿರ ಎರಡು ಟಿಕೆಟು ಹಿಡಿದು ನಿಂತಿದ್ದ. ಇಪ್ಪತ್ತೆಂಟು ವರ್ಷದವನ ಮುಖದಲ್ಲಿ ಹದಿನೈದರ ಹುಡುಗನ ಆತುರ. ಮೇಲೆ ಹೋಗಿ ಕೂತರು. ಅಣ್ಣ ಬಾಯಿ ತೆರೆಯುವ ಮೊದಲೇ ತಮ್ಮ ಶುರು ಮಾಡಿದ.

"ನೀ ಬರದಿದ್ದು ಓದಿದೆ ಅಣ್ಣಾ. ಭಾಳ ಚಂದ ಬರದೀ. ಮೂರು ದಿನ ಆತು, ಅದs ತಲ್ಯಾಗ ಅದ. ಸಾಮಾನ ಇಳಸೂ ಮುಂದ ಅದs, ಮಲಗೂ ಮುಂದ ಅದs. ಬಲಗಾಲ ಎತ್ತಿದ ಅಂತ ಕೀಪರ್ ಆಕಡೆ ಹೋಗ್ತಾನ, ಅಲ್ಲಿ ತಪ್ಪತದ. ಕಾಲ ನೋಡಬಾರದು. ಸೊಂಟ ನೋಡಬೇಕು." ಅವನು ಕೂತಲ್ಲೇ ಉದ್ದನೆಯ ಎಡಗೈ ಕೆಳಕ್ಕೆ ಚಾಚಿ, ಕಲ್ಲಿನ ಮೆಟ್ಟಿಲಿಗೆ ಅಂಗೈ ತಾಗಿಸಿ ತೋರಿಸಿದ. "ಸೊಂಟ ತಿರಗೂ ಮುಂದ ಕೈ ಇಲ್ಲಿ ಬರಬೇಕು. ನಾ ಇದ್ದಿದ್ರ ಮೂರರಾಗ ಎರಡು ಹಿಡೀತಿದ್ದೆ. ಖರೇ ಹೇಳ್ತೀನಿ."

"ಅಂವ ಯಾರ ಮಗ ಗೊತ್ತದ ಏನ?" ಎಂದ ಮಾರ್ತಾಂಡ.

"ಗೊತ್ತದ. ನೀನs ಬರದೀಯಲ್ಲ. ಅಪ್ಪ ಯಾರರ ಇರವಲ್ಲನ್ಯಾಕ, ಹುಡುಗ ಆಡ್ತಾನಲ್ಲ. ನೀ ಅಂವನ ಬಗ್ಗೆ ಇಷ್ಟು ಮನಸ್ಸು ಕೊಟ್ಟು ಬರದಿದ್ದು ನೋಡಿ ನನಗ ಭಾಳ ಸಮಾಧಾನ ಆತು. ನೀ ಇನ್ನೂ ಅದನ್ನ ಹಿಡಕೊಂಡು ಕುಂತೀಯಂತ ನಾ ತಿಳಕೊಂಡಿದ್ದೆ."

ತಂಡಗಳು ಸಾಲಾಗಿ ಹೊರಬಂದವು. ಬಸವಲಿಂಗ ಮುಂದಕ್ಕೆ ಬಾಗಿ ಒಂಬತ್ತನೇ ನಂಬರನ್ನು ಹುಡುಕಿದ. ಕಂಡಿತು. ಆ ಹುಡುಗ ಚೆಂಡನ್ನು ನಾಲ್ಕು ಸಲ ಒದೆಯುವವರೆಗೆ ನೋಡಿ ತಲೆ ಅಲ್ಲಾಡಿಸಿದ.

"ಇಂವ ಅಲ್ಲ ಅಣ್ಣಾ. ಇಂವಗ ಎಡಗಾಲ ಇಲ್ಲs ಇಲ್ಲ. ಅಂವ ಎಲ್ಲಿ?"

ಮಾರ್ತಾಂಡ ಇಸ್ತ್ರಿ ಅಂಗಿಯ ತೋಳನ್ನು ಕೆಳಗೆಳೆದುಕೊಂಡ. "ತಗದ್ರು," ಎಂದ. "ವಯಸ್ಸ ಹೆಚ್ಚಾತಂತ."

ಕೆಳಗೆ ಸೀಟಿ ಊದಿ ಪಂದ್ಯ ಶುರುವಾಯಿತು, ಸುತ್ತಲಿನವರು ಕೂಗಿದರು. ಬಸವಲಿಂಗ ಆಟವನ್ನು ನೋಡಲಿಲ್ಲ. ಟಿಕೆಟುಗಳನ್ನು ಕಿಸೆಗೆ ಹಾಕಿಕೊಂಡು ಎದ್ದು ನಿಂತ.

"ಏಳ ಅಣ್ಣಾ, ಹೋಗೂಣು. ಇವತ್ತ ಅಂವನ ಜೋಡಿ ಯಾರೂ ಮಾತಾಡಿರೂದಿಲ್ಲ. ನನಗ ಗೊತ್ತದ. ನಿನಗ ಅಂವನ ಮನಿ ಗೊತ್ತದಲ್ಲ?"